‘ನಿಲಂ’ ಎಂದರೆ ನೆಲವಲ್ಲವಂತೆ: ಕೇರಳದ ಸ್ಥಳೀಯಾಡಳಿತ ಮತ್ತು ಕಂದಾಯ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸಚಿವರುಗಳೇ,

ನಾನು ಮಂಜೇಶ್ವರ ತಾಲೂಕಿನ ಒಬ್ಬ ಅಡಿಕೆ ಕೃಷಿಕ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ ಎಂದು ನಾಲಗೆಯನ್ನು ಮೂರು ಪಾಲು ಮಾಡಿಕೊಂಡು ಬೆಳೆದವನು. ಮಲಯಾಳದಲ್ಲಿ ವ್ಯಾಪಾರ ಮಾಡುತ್ತೇನೆ, ಬೇಕಾದರೆ ಬಸ್ಸಿನಲ್ಲಿ ಸೀಟಿಗಾಗಿ ಜಗಳವನ್ನೂ ಆಡುತ್ತೇನೆ. ಓದಲಿಕ್ಕೆ ಮಾತ್ರ ಬರುವುದಿಲ್ಲ. ನಮ್ಮ ಕಡೆ ನನ್ನ ಪ್ರಾಯದವರಲ್ಲಿ ಇದು ಅಪರೂಪವೇನಲ್ಲ. ನಾವು ಕಲಿತದ್ದು ಕನ್ನಡ ಶಾಲೆಯಲ್ಲಿ. ಆ ಶಾಲೆಯ ಮಾಸ್ತರರಿಗೆ ಸಂಬಳ ಕೊಟ್ಟದ್ದು ಕೇರಳ ಸರಕಾರವೇ.

ಇದು ಮನೆ ಕಟ್ಟಲು ಹೊರಟವನ ಪತ್ರ. ಲಂಚದ ದೂರಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ನನ್ನಲ್ಲಿ ಯಾರೂ ಐದು ಪೈಸೆ ಕೇಳಲಿಲ್ಲ. ಕೇಳಿದ್ದರೆ ವಿಷಯ ಏನೆಂದಾದರೂ ನನಗೆ ಆ ದಿನವೇ ಅರ್ಥವಾಗುತ್ತಿತ್ತು.

2023ರ ಆಟಿ ತಿಂಗಳಲ್ಲಿ, ಮೂರು ದಿನ ಬಿಡದೆ ಹೊಡೆದ ಮಳೆಗೆ ನಮ್ಮ ಹಳೆ ಮನೆಯ ಪಡುಬದಿಯ ಗೋಡೆ ಕುಸಿಯಿತು. ಅಜ್ಜ ಕಟ್ಟಿದ ಮಣ್ಣಿನ ಗೋಡೆಯ, ಹಂಚಿನ ಮಾಡಿನ ಮನೆ. ಆಚೆ ಕೋಣೆಯಲ್ಲಿ ಮಲಗಿದ್ದ ಅಮ್ಮ ಎದ್ದು ಬಂದು, “ಇನ್ನು ರಿಪೇರಿ ಬೇಡ, ಹೊಸತು ಕಟ್ಟು” ಎಂದರು. ಅಡಿಕೆ ರಾಶಿ ಹಾಕುತ್ತಿದ್ದ ಕೊಟ್ಟಿಗೆಗೆ ಟಾರ್ಪಾಲು ಎಳೆದು ನಾವು ಅಲ್ಲಿಗೆ ಹೋದೆವು. ಹೆಚ್ಚೆಂದರೆ ಒಂದು ವರ್ಷ ಎಂದುಕೊಂಡಿದ್ದೆ. ನಮ್ಮ ಊರಲ್ಲಿ ಮನೆ ಕಟ್ಟುವುದಕ್ಕೆ ಮಳೆಯೇ ಪಂಚಾಂಗ. ದೀಪಾವಳಿ ಕಳೆದು ಪಾಯ, ವಿಷುವಿನೊಳಗೆ ಸ್ಲಾಬ್, ಮಳೆ ಹಿಡಿಯುವ ಹೊತ್ತಿನ ಪತ್ತನಾಜೆಗೆ ಮೊದಲು ಹೊರಗಿನ ಸಾರಣೆ. ಇದರಲ್ಲಿ ಒಂದು ತಪ್ಪಿದರೆ ಇನ್ನೊಂದು ಮಳೆಗಾಲ ದಾಟಬೇಕು.

ಲೈಸೆನ್ಸ್ ಇರುವ ಒಬ್ಬ ಇಂಜಿನಿಯರರನ್ನು ಹಿಡಿದು ಪ್ಲಾನು ಮಾಡಿಸಿದೆ. 142 ಚದರ ಮೀಟರ್. ಅಮ್ಮನಿಗೊಂದು ಕೋಣೆ, ನಮಗೊಂದು, ಮಂಗಳೂರಲ್ಲಿ ಕೆಲಸದಲ್ಲಿರುವ ಮಗನಿಗೊಂದು, ಎದುರಿಗೊಂದು ಸಿಟೌಟು. ತೀರ್ವೆ ರಶೀದಿ, ಕೈವಶದ ಸರ್ಟಿಫಿಕೇಟು, ಲೊಕೇಶನ್ ಸ್ಕೆಚ್ ಎಲ್ಲ ಒಟ್ಟು ಮಾಡಿದೆ. ಪಂಚಾಯತು ಕಚೇರಿಯಲ್ಲಿ ‘ಆಧಾರಂ’ ಎಲ್ಲಿ ಎಂದು ಕೇಳಿದರು. ಕಿಸೆಯಿಂದ ಆಧಾರ್ ಕಾರ್ಡು ತೆಗೆದುಕೊಟ್ಟೆ. ಅವರು ಕೇಳಿದ್ದು ಜಾಗದ ದಸ್ತಾವೇಜು! ಆ ದಿನ ಎಲ್ಲರೂ ನಕ್ಕೆವು. ಮುಂದೆ ಬರುವುದಕ್ಕೆ ಅದು ನಾಂದಿ ಎಂದು ನನಗೆ ಹೊಳೆಯಲಿಲ್ಲ.

ಇನ್ನು ನನ್ನ ತಪ್ಪನ್ನೂ ಹೇಳಬೇಕು. ಅರ್ಜಿ ಕೊಟ್ಟು ತಿಂಗಳಾಗಿತ್ತು, ದೀಪಾವಳಿ ಕಳೆದಿತ್ತು, ಕಂಟ್ರಾಕ್ಟರ್ ಅಡ್ವಾನ್ಸ್ ತೆಗೆದುಕೊಂಡು ಆಗಿತ್ತು. “ಅಣ್ಣಾ, ಪರ್ಮಿಟ್ಟು ಹೇಗೂ ಬರುತ್ತದೆ. ಕೆಲಸದವರು ಈಗ ಕೈಯಲ್ಲಿದ್ದಾರೆ, ಇವರನ್ನು ಬಿಟ್ಟರೆ ಮತ್ತೆ ಸಿಗಲಿಕ್ಕಿಲ್ಲ. ಪಾಯ ಒಂದು ತೆಗೆದುಬಿಡುವ” ಎಂದರು. ನಾನು ಹೂಂ ಎಂದೆ. ಹಳ್ಳಿಯಲ್ಲಿ ಎಲ್ಲರೂ ಹಾಗೆಯೇ ಮಾಡುತ್ತಾರೆ ಎಂಬುದು ಸಮಜಾಯಿಷಿಯಲ್ಲ, ಗೊತ್ತು. ಮುರಕಲ್ಲು ಬಂದು ಬಿತ್ತು, ಪಾಯ ತೆಗೆದು ಕಲ್ಲು ಕಟ್ಟಲು ಶುರುವಾಯಿತು.

ಡಿಸೆಂಬರಿನಲ್ಲಿ ಒಂದು ಮಧ್ಯಾಹ್ನ, ನಾನು ತೋಟದಲ್ಲಿದ್ದಾಗ, ಕಚೇರಿಯಿಂದ ಬಂದವರು ಅಮ್ಮನ ಕೈಯಲ್ಲಿ ಒಂದು ಕಾಗದ ಕೊಟ್ಟು ಸಹಿ ಹಾಕಿಸಿಕೊಂಡು ಹೋದರು. ಅಮ್ಮ ಅದನ್ನು ಕ್ಯಾಲೆಂಡರಿನ ಹಿಂದೆ, ಕರೆಂಟು ಬಿಲ್ಲಿನ ಜೊತೆ ಸಿಕ್ಕಿಸಿದರು. ಸಂಜೆ ನಾನೂ ತೆಗೆದು ನೋಡಿದೆ. ಪೂರ್ತಿ ಮಲಯಾಳ, ಕೆಳಗೊಂದು ಸೀಲು. ಕಟ್ಟಡ ತೆರಿಗೆಯದ್ದೇನೋ ಇರಬೇಕು, ಅಳಿಯ ಬಂದಾಗ ಓದಿಸಿದರಾಯಿತು ಎಂದು ಅಲ್ಲೇ ಇಟ್ಟೆ. ಕಂಟ್ರಾಕ್ಟರ್ ಆ ವಾರ ಬೇರೆ ಸೈಟಿನಲ್ಲಿದ್ದರು. ಪಾಯದಲ್ಲಿ ಕಲ್ಲು ಕಟ್ಟುತ್ತಿದ್ದದ್ದು ಬಂಗಾಳದ ಹುಡುಗರು, ಮೇಸ್ತ್ರಿ ನನ್ನ ಹಾಗೆಯೇ ಕನ್ನಡ ಶಾಲೆಯವರು. ನಮ್ಮ ಜಾಗದಲ್ಲಿ ಆಗ ಬಂಗಾಳಿ, ಹಿಂದಿ, ತುಳು, ಕನ್ನಡ, ಮಲಯಾಳ ಐದೂ ಭಾಷೆ ಕೇಳಿಸುತ್ತಿತ್ತು, ಆ ಕಾಗದ ಓದುವವರು ಒಬ್ಬರೂ ಇರಲಿಲ್ಲ.

ಅದು ಸ್ಟಾಪ್ ಮೆಮೊ.

ಒಂಬತ್ತು ದಿನ ಕೆಲಸ ನಡೆಯಿತು. ಹತ್ತನೆಯ ದಿನ ಮೂವರು ಬಂದರು. ಮುಖ ಕೆಂಪಾಗಿತ್ತು. ಆಗಬೇಕಾದದ್ದೇ. ಕೆಲಸ ನಿಲ್ಲಿಸು ಎಂದು ಬರೆದುಕೊಟ್ಟ ಮೇಲೂ ಒಂಬತ್ತು ದಿನ ಕಟ್ಟಿದವನು ಅವರ ಕಣ್ಣಿಗೆ ಉದ್ಧಟ. ಕ್ಯಾಲೆಂಡರಿನ ಹಿಂದಿನಿಂದ ಕಾಗದ ತೆಗೆದು ತೋರಿಸಿ, “ಓದಲಿಕ್ಕೆ ಬರುವುದಿಲ್ಲ” ಎಂದೆ. ಇಷ್ಟು ಚಂದ ಮಲಯಾಳ ಮಾತಾಡುವವನು ಓದಲು ಬರುವುದಿಲ್ಲ ಎಂದರೆ ಯಾರು ನಂಬುತ್ತಾರೆ? ಅಪ್ಪಣೆ ಮೀರಿ ಕಟ್ಟಿದ ಎಂದು ಫೈಲಿನಲ್ಲಿ ಬರೆದರು. ಆ ಸಾಲು ಇಂದಿಗೂ ಅಲ್ಲೇ ಉಂಟು.

ಅಳಿಯ ಸಂಜೆ ಬಂದು ಮೆಮೊ ಓದಿದ. ಪರ್ಮಿಟ್ಟು ಇಲ್ಲದೆ ಕಟ್ಟಿದ್ದು ಒಂದು ಕಾರಣ. ಇನ್ನೊಂದು, ಸ್ಥಳ ‘ನಿಲಂ’ ಆಗಿರುವುದರಿಂದ ಮನೆ ಕಟ್ಟಲು ಅನುಮತಿ ಇಲ್ಲ. ಮರುದಿನ ನಾನು ಕಚೇರಿಗೆ ಹೋಗಿ, “ನೆಲದಲ್ಲಿ ಕಟ್ಟಬಾರದಾದರೆ ಮತ್ತೆ ಆಕಾಶದಲ್ಲಿ ಕಟ್ಟುವುದಾ?” ಎಂದು ಕೇಳಿದೆ. ಅಲ್ಲಿದ್ದವರಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ.

ಕನ್ನಡದಲ್ಲಿ ನೆಲ ಎಂದರೆ ಕಾಲಡಿಯಲ್ಲಿರುವುದೆಲ್ಲ. ಅಂಗಳವೂ ನೆಲ, ಅಡುಗೆಕೋಣೆಯೂ ನೆಲ, ಮಗು ಬಿದ್ದರೆ ಬೀಳುವುದೂ ನೆಲಕ್ಕೆ. ನಿಮ್ಮ ಕಂದಾಯದ ಪುಸ್ತಕದಲ್ಲಿ ನಿಲಂ ಎಂದರೆ ಗದ್ದೆ, ಗದ್ದೆಯಲ್ಲದ್ದು ಪುರಯಿಡಂ. ನಮ್ಮ ಅಜ್ಜಂದಿರಿಗೆ ಗೊತ್ತಿದ್ದದ್ದು ಬೈಲು, ಮಜಲು, ಬೆಟ್ಟು, ಬಾಗಾಯ್ತು, ಪುಂಜ. ನೀರು ಎಷ್ಟು ಕಾಲ ನಿಲ್ಲುತ್ತದೆ, ಎಷ್ಟು ಬೆಳೆ ಬರುತ್ತದೆ ಎಂಬುದೆಲ್ಲ ಆ ಒಂದೊಂದು ಶಬ್ದದೊಳಗೇ ಇತ್ತು. 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಇಷ್ಟೂ ಶಬ್ದ ಎರಡು ಖಾನೆಗೆ ಇಳಿಯಿತು. ಚಂದ್ರಗಿರಿ ಹೊಳೆಯ ಬಡಗು ಭಾಗ ಕರ್ನಾಟಕಕ್ಕೆ ಸೇರಲಿ ಎಂದು ಮಹಾಜನ ಆಯೋಗ 1967ರಲ್ಲಿ ಹೇಳಿದ್ದು, ಅದು ಹೇಳಿದಲ್ಲೇ ಉಳಿದದ್ದು ಎಲ್ಲ ಹಳೆ ಕತೆ. ಅದನ್ನು ಕೆದಕಲಿಕ್ಕೆ ನಾನು ಈ ಪತ್ರ ಬರೆಯುತ್ತಿಲ್ಲ. ನನಗೆ ಬೇಕಾದದ್ದು ಮನೆ.

ಗದ್ದೆ ಉಳಿಸುವ 2008ರ ಕಾಯ್ದೆಯ ಮೇಲೆ ನನಗೆ ಸಿಟ್ಟಿಲ್ಲ. ಬೈಲಿಗೆ ಮಣ್ಣು ತುಂಬಿಸಿದ ಕಡೆ ಕೆಳಗಿನ ಬಾವಿಗಳು ಏನಾದವು ಎಂದು ಕಣ್ಣಾರೆ ಕಂಡವನು ನಾನು. ಆದರೆ ನನ್ನ ಜಾಗದಲ್ಲಿ ನನಗೆ ನೆನಪು ಬಂದಂದಿನಿಂದ ಇರುವುದು ಅಡಿಕೆ ಮರ. ಕೃಷಿ ಭವನದವರು ತಯಾರಿಸಿದ ಗದ್ದೆಗಳ ಡಾಟಾ ಬ್ಯಾಂಕಿನಲ್ಲಿಯೂ ನನ್ನ ಸರ್ವೆ ನಂಬರು ಇಲ್ಲ. ಕಂದಾಯದವರ ಬೇಸಿಕ್ ಟ್ಯಾಕ್ಸ್ ರಿಜಿಸ್ಟರಿನಲ್ಲಿ ಮಾತ್ರ, ಯಾವ ಕಾಲದಲ್ಲೋ ಬರೆದ ‘ನಿಲಂ’ ಹಾಗೆಯೇ ಕೂತಿತ್ತು. 1967ರ ಜುಲೈ 4ಕ್ಕೆ ಮೊದಲೇ ಗದ್ದೆಯಲ್ಲದ್ದಾಗಿದ್ದರೆ ಒಂಬತ್ತನೆಯ ನಂಬರಿನ ಫಾರಂ ಕೊಟ್ಟು ಅದನ್ನು ತಿದ್ದಿಸಬಹುದು, ಆಮೇಲಿನದ್ದಾದರೆ ಫಾರಂ ಬೇರೆ. ಯಾವ ಕಾಯಿಲೆಗೆ ಯಾವ ಕಷಾಯ ಎಂದು ತಿಳಿಯಲಿಕ್ಕೇ ನನಗೆ ನಾಲ್ಕು ತಿಂಗಳು ಹಿಡಿಯಿತು.

1967ಕ್ಕೆ ಮೊದಲು ಅಡಿಕೆ ಇತ್ತು ಎನ್ನಲು ಸಾಕ್ಷಿ? ಉಂಟಲ್ಲ, ಅಜ್ಜನ ಹೆಸರಿನ 1954ರ ದಸ್ತಾವೇಜು. ಮದ್ರಾಸು ಸರಕಾರದ ಛಾಪಾ ಕಾಗದದ ಮೇಲೆ, ಚಂದದ ಕನ್ನಡ ಮೋಡಿ ಅಕ್ಷರದಲ್ಲಿ ‘ಅಡಿಕೆ ಬಾಗಾಯ್ತು’, ಅಂದರೆ ಅಡಿಕೆ ತೋಟ, ಎಂದು ಬರೆದದ್ದು. ಟ್ರಂಕಿನ ತಳದಿಂದ ತೆಗೆದು ಎದೆಗೆ ಒತ್ತಿಕೊಂಡು ಹೋದೆ. “ಇದನ್ನು ಓದುವವರು ಇಲ್ಲಿಲ್ಲ, ಮಲಯಾಳಕ್ಕೆ ಮಾಡಿಸಿ ತನ್ನಿ” ಎಂದರು.

ತರ್ಜುಮೆ ಮಾಡುವವರನ್ನು ಹುಡುಕಿ ಹಣ ಕೊಟ್ಟೆ. ಅವರಿಗೆ ಕನ್ನಡ ಬರುತ್ತದೆ, ಆದರೆ ಪೇಪರಿನ ಕನ್ನಡ. ಬಾಗಾಯ್ತು ಎಂಬ ಹಳೆಯ ಕಂದಾಯದ ಶಬ್ದ ಅವರು ಕೇಳಿದವರಲ್ಲ. ‘ಅಡಿಕೆ ಭಾಗ ಆಯ್ತು’ ಎಂದು ಓದಿಕೊಂಡು, ಅಡಿಕೆಯನ್ನು ಪಾಲು ಮಾಡಲಾಯಿತು ಎಂದು ಮಲಯಾಳದಲ್ಲಿ ಬರೆದರು. ಅದಕ್ಕೆ ಮೊಹರೂ ಬಿತ್ತು. ಕಂದಾಯದವರು ನೋಡಿ, ಪಾಲಾದರೆ ಉಳಿದ ಪಾಲುದಾರರು ಯಾರು, ಅವರ ಒಪ್ಪಿಗೆ ಎಲ್ಲಿ ಎಂದು ಕೇಳಿದರು. ಅಡಿಕೆ ತೋಟ ಎಂಬ ಸಾಕ್ಷಿಗೆ ಹೋದವನು ಇಲ್ಲದ ಅಣ್ಣತಮ್ಮಂದಿರನ್ನು ಹುಡುಕುವ ಹಾಗಾಯಿತು. ನಮ್ಮ ಅಜ್ಜ ಒಬ್ಬನೇ ಮಗ, ಸ್ವಾಮೀ.

ಕೊನೆಗೆ ದಾರಿ ತೋರಿಸಿದವರು ಪಿಂಚಣಿ ಪಡೆದ ಒಬ್ಬ ಶಾನುಭೋಗರ ಮನೆತನದ ಹಿರಿಯರು. ಅವರು ಕನ್ನಡಕ ಏರಿಸಿ ಒಂದೇ ಉಸಿರಿಗೆ ಇಡೀ ದಸ್ತಾವೇಜು ಓದಿ, ಮಲಯಾಳದಲ್ಲಿ ಬರೆಸಿಕೊಟ್ಟರು. ಹಣ ಮುಟ್ಟಲಿಲ್ಲ. ಒಂದು ಗೊನೆ ಬಾಳೆಕಾಯಿ ತೆಗೆದುಕೊಂಡರು. ಅವರಿಗೆ ಈಗ ಎಂಬತ್ತರ ಮೇಲೆ. ಅವರ ಕಾಲದ ನಂತರ ಮಂಜೇಶ್ವರ, ಕಾಸರಗೋಡು ತಾಲೂಕಿನ ಮನೆಮನೆಗಳ ಟ್ರಂಕಿನಲ್ಲಿ ಇರುವ ಇಂಥ ಕಾಗದಗಳನ್ನು ಯಾರು ಓದುತ್ತಾರೆ ಎಂಬುದನ್ನು ತಾವು ಒಮ್ಮೆ ಯೋಚಿಸಬೇಕು.

2025ರ ಫೆಬ್ರವರಿಯಲ್ಲಿ ರಿಜಿಸ್ಟರಿನ ಆ ಒಂದು ಶಬ್ದ ಬದಲಾಯಿತು. ಹೊಸ ಅರ್ಜಿ ಹಾಕುವಷ್ಟರಲ್ಲಿ ಏಪ್ರಿಲ್ ಬಂತು, 10ನೇ ತಾರೀಕಿಗೆ ಪಂಚಾಯತುಗಳಿಗೆಲ್ಲ ಕೆ-ಸ್ಮಾರ್ಟ್ ಎಂಬ ಹೊಸ ಆನ್‌ಲೈನ್ ಏರ್ಪಾಡು ಬಂತು. ಹಳೆಯದು ಮುಚ್ಚಿ ಹೊಸತು ತೆರೆಯುವ ಗೊಂದಲದಲ್ಲಿ ಒಂದಷ್ಟು ದಿನ ಹೋಯಿತು. ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ, ಹೊಸ ಎತ್ತು ಹೂಡಿದಾಗ ನಾಲ್ಕು ದಿನ ಗೆರೆ ಸೊಟ್ಟವಾಗುವುದು ಸಹಜ. 300 ಚದರ ಮೀಟರಿಗಿಂತ ಸಣ್ಣ ಮನೆಗೆ ಇಂಜಿನಿಯರರೇ ದೃಢೀಕರಿಸಿದರೆ ಬೇಗ ಪರ್ಮಿಟ್ಟು ಕೊಡುವ ಏರ್ಪಾಡು ನೀವು ಮಾಡಿದ್ದು ಒಳ್ಳೆಯದೇ. ಆದರೆ ಸ್ಟಾಪ್ ಮೆಮೊ ಬಿದ್ದ ಜಾಗಕ್ಕೆ ದೃಢೀಕರಣ ಕೊಟ್ಟು ತನ್ನ ಲೈಸೆನ್ಸ್ ಕಳಕೊಳ್ಳಲು ನಮ್ಮ ಇಂಜಿನಿಯರ್ ತಯಾರಿರಲಿಲ್ಲ. ಅವರನ್ನು ದೂರುವುದಿಲ್ಲ.

ಪರ್ಮಿಟ್ಟಿಗೆ ಮೊದಲು ಸ್ಥಳ ನೋಡಲು ಓವರ್ಸಿಯರ್ ಬಂದರು. ತೆಂಕಣ ಜಿಲ್ಲೆಯ ಹುಡುಗ, ಮೂವತ್ತು ದಾಟಿರಲಿಕ್ಕಿಲ್ಲ. ಟೇಪು ಹಿಡಿದು ಗಡಿಯಿಂದ ಗೋಡೆಗೆ, ದಾರಿಯಿಂದ ಸಿಟೌಟಿಗೆ ಎಲ್ಲ ಅಳೆದರು. ಕಕ್ಕಸು ಗುಂಡಿ ಗಡಿಯಿಂದ 1.2 ಮೀಟರ್, ಕುಡಿಯುವ ನೀರಿನ ಬಾವಿಯಿಂದ 7.5 ಮೀಟರ್ ದೂರ ಇರಬೇಕೆಂಬುದು ನಿಯಮ. “ಬಾವಿ ಎಲ್ಲಿ, ಚೇಟ್ಟಾ?” ಎಂದರು.

ನಮ್ಮಲ್ಲಿ ಬಾವಿ ಇಲ್ಲ. ಸುರಂಗ ಉಂಟು. ತಿರುವನಂತಪುರದಲ್ಲಿ ಸುರಂಗ ಎಂದರೆ ರೈಲಿನ ದಾರಿ ಎನಿಸಬಹುದು, ಹಾಗಾಗಿ ಸ್ವಲ್ಪ ಹೇಳುತ್ತೇನೆ. ಗುಡ್ಡದ ಬದಿಯ ಮುರಕಲ್ಲನ್ನು ಪಿಕ್ಕಾಸಿನಲ್ಲಿ ಅಡ್ಡಕ್ಕೆ ಕೊರೆಯುತ್ತ ಹೋಗುವುದು. ಒಬ್ಬಾಳು ಹೋಗುವಷ್ಟು ಅಗಲ, ನಿಂತರೆ ತಲೆ ತಾಗದಷ್ಟು ಎತ್ತರ. ಒಳಗೆ ಮೊಂಬತ್ತಿ ನಂದಿದರೆ ಉಸಿರಿಗೆ ಗಾಳಿಯಿಲ್ಲ ಎಂದು ಹೊರಗೆ ಬರುವುದು. ಒರತೆ ಸಿಕ್ಕಿದ ಮೇಲೆ ನೀರು ತಾನಾಗಿಯೇ ಹರಿದು ಬಾಯಿಗೆ ಬರುತ್ತದೆ. ಪಂಪು ಬೇಡ, ಕರೆಂಟು ಬೇಡ. ನಮ್ಮದು ಎಪ್ಪತ್ತು ಕೋಲು ಒಳಗೆ ಹೋಗಿದೆ, ನಿಮ್ಮ ಲೆಕ್ಕದಲ್ಲಿ ಸುಮಾರು 50 ಮೀಟರ್. ಅಜ್ಜ ಕೊರೆಸಿದ್ದು. ಮಗ ಹುಟ್ಟಿದ ಮೇಲಿನ ಯಾವ ಬೇಸಗೆಯಲ್ಲೂ ಅದು ಪೂರ್ತಿ ಬತ್ತಿದ್ದು ನಾನು ಕಂಡಿಲ್ಲ.

ಪ್ಲಾನಿನಲ್ಲಿ ಇಂಜಿನಿಯರ್ ಸುರಂಗದ ಬಾಯಿಗೆ ಬಾವಿಯ ಹಾಗೆ ಒಂದು ಸೊನ್ನೆ ಹಾಕಿದ್ದರು. ಅಲ್ಲಿಂದ ಮನೆಯ ಹಿಂದಿನ ಗುಂಡಿಗೆ 18 ಮೀಟರ್. ನಿಯಮ ಕೇಳುವುದರ ಎರಡು ಪಾಲಿಗಿಂತ ಹೆಚ್ಚು. ಓವರ್ಸಿಯರ್ ತಲೆಯಾಡಿಸಿ ಬರೆದುಕೊಂಡರು. ಆಗ ತಕರಾರು ತೆಗೆದದ್ದು ನಾನೇ. ಸುರಂಗ ಬಾಯಲ್ಲಿ ಮುಗಿಯುವುದಿಲ್ಲವಲ್ಲ! ಅದು ಅಂಗಳದ ಅಡಿಯಿಂದ, ಮನೆಯ ಹಿಂದಿನಿಂದ ಗುಡ್ಡದೊಳಗೆ ಹೋಗುತ್ತದೆ. ಪ್ಲಾನಿನಲ್ಲಿ ಗುಂಡಿ ಇದ್ದದ್ದು ಸರಿಯಾಗಿ ಅದರ ನೆತ್ತಿಯ ಮೇಲೆ. ಕಾಗದದಲ್ಲಿ ಎಲ್ಲ ಸರಿಯಿತ್ತು, ನಾವು ನಮ್ಮದೇ ಹೊಲಸು ಕುಡಿಯುವುದೊಂದು ಬಾಕಿ.

ಆ ಹುಡುಗ ಒಂದು ನಿಮಿಷ ನನ್ನ ಮುಖ ನೋಡಿದರು. ಮತ್ತೆ ಚಪ್ಪಲಿ ಕಳಚಿ, ಪ್ಯಾಂಟು ಮಡಚಿ, “ಒಳಗೆ ಹಾವು ಉಂಟಾ?” ಎಂದು ಕೇಳಿದರು. ಬಾವಲಿ ಮಾತ್ರ ಎಂದೆ. ಮೊಬೈಲಿನ ಟಾರ್ಚು ಹಿಡಿದು ಬಗ್ಗಿ ಒಳಗೆ ಹೋದವರು ಕಾಲು ಗಂಟೆ ಬರಲಿಲ್ಲ. ಬಂದಾಗ ಮೊಣಕಾಲ ತನಕ ಕೆಸರು, ಮುಖದಲ್ಲಿ ನಗು. “ಚೇಟ್ಟಾ, ನಿಯಮ ಬರೆದವರು ಇದನ್ನು ನೋಡಿಲ್ಲ” ಎಂದರು. ಸುರಂಗ ಯಾವ ದಿಕ್ಕಿಗೆ ತಿರುಗುತ್ತದೆ ಎಂದು ಮೇಲೆ ಗೂಟ ಹೊಡೆದು ಗುರುತು ಮಾಡಿ, ಗುಂಡಿಯನ್ನು ತೋಟದ ಬದಿಯ ತಗ್ಗಿಗೆ ಬದಲಾಯಿಸಿ ಪ್ಲಾನು ತಿದ್ದಿಸಲು ಹೇಳಿದರು. ಒಂದೂವರೆ ವರ್ಷದಲ್ಲಿ ನನ್ನ ಜಾಗವನ್ನು ಕಾಗದದಲ್ಲಲ್ಲದೆ ಜಾಗದಲ್ಲೇ ನೋಡಿದವರು ಅವರೊಬ್ಬರು. ಗಟ್ಟದ ಬದಿಯ ಪಂಚಾಯತುಗಳಲ್ಲಿ ಇಂಥ ಸುರಂಗಗಳು ಬೇಕಾದಷ್ಟು ಉಂಟು. ಎಲ್ಲರ ಮನೆಗೂ ಪ್ಯಾಂಟು ಮಡಚುವ ಓವರ್ಸಿಯರ್ ಬರುವುದಿಲ್ಲ.

ಜೂನಿನಲ್ಲಿ ಪರ್ಮಿಟ್ಟು ಬಂತು, ಮಳೆಯೂ ಬಂತು. ಶುಲ್ಕ ಚದರ ಮೀಟರಿಗೆ 25 ರೂಪಾಯಿಯಂತೆ 3,550. 2023ರ ಏಪ್ರಿಲಿನಲ್ಲಿ ಏರಿಸಿದ್ದನ್ನು 2024ರ ಆಗಸ್ಟಿನಲ್ಲಿ ಇಳಿಸಿದಿರಿ, ಅದರಲ್ಲಿ ನನಗೆ ಅರ್ಧದಷ್ಟು ಉಳಿಯಿತು. ಆದರೆ ಕಂಟ್ರಾಕ್ಟರ್ ಚದರಡಿಗೆ 1,900 ಎಂದಿದ್ದವರು 2,150 ಎಂದರು. ಅವರದ್ದೂ ಸುಳ್ಳಲ್ಲ. ಸಿಮೆಂಟು, ಕಬ್ಬಿಣ, ಜಲ್ಲಿ ಎಲ್ಲದಕ್ಕೂ ದರ ಏರಿದೆ. ಬಂಗಾಳದ ಹುಡುಗರು ಹೆದ್ದಾರಿ ಕೆಲಸಕ್ಕೆ ಹೋಗಿ ಅಲ್ಲೇ ನಿಂತಿದ್ದರು. ಹಳೆಯ ಪಾಯದ ಮೇಲೆ ಎರಡು ಮಳೆ ಬಿದ್ದು ಒಂದು ಬದಿ ಕಿತ್ತು ಮತ್ತೆ ಕಟ್ಟಬೇಕಾಯಿತು, ಅದು ಬೇರೆ ಲೆಕ್ಕ. 1,528 ಚದರಡಿಗೆ 250ರಂತೆ 3,82,000 ರೂಪಾಯಿ. ಒಂದು ಶಬ್ದದ ಬೆಲೆ ಇಷ್ಟು.

ಇದಕ್ಕಿಂತಲೂ ನನ್ನನ್ನು ಸುಟ್ಟದ್ದು ಆಮೇಲೆ ತಿಳಿದ ಒಂದು ಸಂಗತಿ. ಡಾಟಾ ಬ್ಯಾಂಕಿನಲ್ಲಿ ಇಲ್ಲದ ಜಾಗ ರಿಜಿಸ್ಟರಿನಲ್ಲಿ ನಿಲಂ ಎಂದಿದ್ದರೂ, 4.04 ಆರ್ಸ್, ಅಂದರೆ ಹತ್ತು ಸೆಂಟ್ಸ್ ಒಳಗೆ 120 ಚದರ ಮೀಟರ್ ತನಕದ ಮನೆಗೆ ನಿಲಂ ಎಂಬುದನ್ನು ಬದಲಾಯಿಸುವ ಅನುಮತಿಯೇ ಬೇಡವಂತೆ. ನೀವೇ ಕಾಯ್ದೆಗೆ ತಿದ್ದುಪಡಿ ತಂದು ಕೊಟ್ಟ ರಿಯಾಯಿತಿ. ನನ್ನದು 142. ಸಿಟೌಟು ಬಿಟ್ಟು, ಮಗನ ಕೋಣೆ ಮತ್ತೆ ಕಟ್ಟುತ್ತೇನೆ ಎಂದಿದ್ದರೆ ಮೊದಲ ವರ್ಷವೇ ಅಮ್ಮನಿಗೊಂದು ಮಾಡು ಆಗುತ್ತಿತ್ತು. ಕೌಂಟರಿನಲ್ಲಿ ಯಾರೂ ಬೇಕೆಂದೇ ಮುಚ್ಚಿಟ್ಟರು ಎನ್ನುವುದಿಲ್ಲ. ಅವರು ಹೇಳಿದ್ದನ್ನು ನಾನು ಅರ್ಧ ಹಿಡಿದೆನೋ, ನಾನು ಕೇಳಿದ್ದು ಅವರಿಗೆ ಅರ್ಧ ತಲುಪಿತೋ. ಕನ್ನಡದಲ್ಲಿ ಒಂದು ಪುಟದ ಕಾಗದ ಗೋಡೆಯಲ್ಲಿ ಅಂಟಿಸಿದ್ದರೆ ನಾನೇ ಓದಿಕೊಳ್ಳುತ್ತಿದ್ದೆ.

ನಾನು ಹೊಸ ಹಕ್ಕು ಕೇಳುತ್ತಿಲ್ಲ. 1969ರ ಕೇರಳ ಅಧಿಕೃತ ಭಾಷೆಗಳ ಕಾಯ್ದೆಯಲ್ಲಿಯೇ ಉಂಟು: ಭಾಷಾ ಅಲ್ಪಸಂಖ್ಯಾತ ಪ್ರದೇಶವೆಂದು ಘೋಷಿಸಿದ ಕಡೆ ಕನ್ನಡಿಗರು, ತಮಿಳರು ಸರಕಾರಿ ಕಚೇರಿಗಳಿಗೆ ತಮ್ಮ ಭಾಷೆಯಲ್ಲಿ ಬರೆಯಬಹುದು, ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು. ನಾವು ಬರೆದದ್ದಕ್ಕೆ ಉತ್ತರ ಕನ್ನಡದಲ್ಲಿ ಎಂದಾದರೆ, ನೀವಾಗಿಯೇ ಕಳಿಸುವ ಸ್ಟಾಪ್ ಮೆಮೊ ಮಾತ್ರ ಯಾಕೆ ಮಲಯಾಳದಲ್ಲಿ? ಕೆಲಸ ನಿಲ್ಲಿಸಿ ಎಂಬ ಎರಡು ಶಬ್ದ ಕನ್ನಡದಲ್ಲಿ ಇದ್ದಿದ್ದರೆ ಆ ಒಂಬತ್ತು ದಿನ ನಾನು ಅಪರಾಧಿಯಾಗುತ್ತಿರಲಿಲ್ಲ. ಮೆಮೊವಿನ ನಮೂನೆಯೊಂದನ್ನು ಎರಡು ಭಾಷೆಯಲ್ಲಿ ಅಚ್ಚು ಹಾಕಲಿಕ್ಕೆ ಹೊಸ ಬಜೆಟ್ಟು ಬೇಡ. ಕನ್ನಡ ಬಲ್ಲ ಗುಮಾಸ್ತರನ್ನು ಪಿ.ಎಸ್.ಸಿ. ಕಾಸರಗೋಡಿಗೆಂದೇ ಆರಿಸುತ್ತದೆ. ಅವರಲ್ಲಿ ಒಬ್ಬರನ್ನಾದರೂ ಭೂಮಿಯ ಫೈಲು ಇರುವ ಮೇಜಿನಲ್ಲಿ ಕೂರಿಸಿ, ಬಾಗಾಯ್ತು, ಮಜಲು, ಪುಂಜ ಎಂದರೆ ಏನೆಂದು ಆ ಹಿರಿಯರಂಥವರಿಂದ ಪಾಠ ಹೇಳಿಸಿ. ಹಿರಿಯರು ಇರುವಾಗಲೇ ಹೇಳಿಸಿ. ಸುರಂಗವಿರುವ ಪಂಚಾಯತುಗಳಲ್ಲಿ ದೂರವನ್ನು ಬಾಯಿಯಿಂದ ಅಳೆಯುವುದಲ್ಲ, ಒಳಗಿನ ಹಾದಿಯಿಂದ ಅಳೆಯುವುದು ಎಂದು ಒಂದು ಸಾಲಿನ ಆದೇಶ ಸಾಕು.

ಮನೆ ಈಗ ಲಿಂಟೆಲಿಗೆ ಬಂದಿದೆ. ವಿಷುವಿನೊಳಗೆ ಸ್ಲಾಬ್ ಹಾಕುತ್ತೇನೆ ಎಂದು ಕಂಟ್ರಾಕ್ಟರ್ ಹೇಳುತ್ತಾರೆ, ನೋಡಬೇಕು. ಅಮ್ಮ ದಿನಾ ಸಂಜೆ ಕೋಲು ಊರಿಕೊಂಡು ಬಂದು ತನ್ನ ಕೋಣೆ ಯಾವುದು ಎಂದು ಮತ್ತೆ ಕೇಳುತ್ತಾರೆ, ಮತ್ತೆ ತೋರಿಸುತ್ತೇನೆ.

ಕೆಲಸ ಮುಗಿದ ಮೇಲೆ ಆಕ್ಯುಪೆನ್ಸಿಗೆ, ಡೋರ್ ನಂಬರಿಗೆ ಮತ್ತೆ ನಿಮ್ಮವರೇ ಬರಬೇಕು. ಆ ಹುಡುಗ ಓವರ್ಸಿಯರಿಗೆ ಅವರ ಊರಿನ ಕಡೆ ವರ್ಗವಾಯಿತಂತೆ. ಹೊಸಬರು ಯಾರೋ ತಿಳಿಯದು. ಬರುವ ದಿನವನ್ನು ಮೊದಲೇ, ಕನ್ನಡದಲ್ಲಿ, ತಿಳಿಸಿದರೆ ಸುರಂಗದ ದಾರಿಯ ಹುಲ್ಲು ಕೆತ್ತಿಸಿಡುತ್ತೇನೆ. ಟಾರ್ಚು ಇಲ್ಲಿ ಉಂಟು.

ಇತಿ,
ಮಂಜೇಶ್ವರ ತಾಲೂಕಿನ ಒಬ್ಬ ಅಡಿಕೆ ಕೃಷಿಕ